ಹಚ್ಚೆ ಚರ್ಮದ ಕೆಳಗಿರಬೇಕು

ಕಂಪ್ಯೂಟರಿನಲ್ಲಿ ಮನುಷ್ಯರನ್ನು ಮಾಡುವಾಗ ಮೊದಲು ಕೈಕೊಡುವುದು ಕಣ್ಣು. ಮೂಗು ತುಸು ಸೊಟ್ಟಗಾದರೆ ನೋಡುವವರು ಸಹಿಸಿಕೊಳ್ಳುತ್ತಾರೆ, ಸೊಟ್ಟ ಮೂಗಿನವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕಣ್ಣು ಕೆಟ್ಟರೆ ಮಾತ್ರ ಉಳಿದ ಶ್ರಮವೆಲ್ಲ ನೀರುಪಾಲು. ಎದುರಿಗಿರುವುದು ಜೀವವೋ ಬೊಂಬೆಯೋ ಎಂದು ತೀರ್ಮಾನಿಸಲು ನಾವು ಮೊದಲು ನೋಡುವುದೇ ಅಲ್ಲಿ.

ನಾನು ಬೆಂಗಳೂರಿನ ಒಂದು ಗೇಮ್ ಸ್ಟುಡಿಯೋದಲ್ಲಿ ಕ್ಯಾರೆಕ್ಟರ್ ಆರ್ಟಿಸ್ಟ್. ಆಟಗಳಲ್ಲಿ ಓಡಾಡುವ ಮನುಷ್ಯರ ಮುಖ, ಮೈ, ಕೂದಲು, ಬಟ್ಟೆ ರೂಪಿಸುವುದು ನನ್ನ ಕೆಲಸ. ಊರು ಗಜೇಂದ್ರಗಡದ ಕಡೆ. ಓದಿದ್ದು ಶಿಲ್ಪಕಲೆ. ಜೇಡಿಮಣ್ಣು ಬಿಟ್ಟು ಪೆನ್ ಟ್ಯಾಬ್ಲೆಟ್ ಹಿಡಿದೆನಾದರೂ ತಲೆಬುರುಡೆ, ಸ್ನಾಯು, ಚರ್ಮ ಎಂಬ ಕ್ರಮ ಬದಲಾಗಲಿಲ್ಲ. ಸ್ಟುಡಿಯೋ ಕೆಲಸ ಮುಗಿದ ಮೇಲೆ, ನನ್ನ ಸಂತೋಷಕ್ಕೆಂದು, ನಮ್ಮ ದೊಡ್ಡವ್ವನ ಡಿಜಿಟಲ್ ರೂಪವೊಂದನ್ನು ಮಾಡುತ್ತಿದ್ದೇನೆ. ಈ ಕಲೆಯ ಕಷ್ಟಗಳೆಲ್ಲ ಅವಳ ಮುಖವೊಂದರಲ್ಲೇ ಸಿಗುತ್ತವೆ, ಹಾಗಾಗಿ ಅದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಕಣ್ಣುಗುಡ್ಡೆಯ ಅಡ್ಡಳತೆ ಸುಮಾರು 24 ಮಿಲಿಮೀಟರ್. ಒಂದು ಗೋಳ ಮಾಡಿ ಅದರ ಮೇಲೆ ಕಣ್ಣಿನ ಚಿತ್ರ ಅಂಟಿಸಿದರೆ ಸಾಲದು. ಹೊರಗೊಂದು ಪಾರದರ್ಶಕ ಪದರ ಬೇಕು, ಮುಂದೆ ಕಾರ್ನಿಯಾ ಇರುವಲ್ಲಿ ಅದು ತುಸು ಉಬ್ಬಬೇಕು. ಬಣ್ಣದ ಐರಿಸ್ ಅದರ ಹಿಂದೆ, ಒಳಗೆ ಇರಬೇಕು. ಬೆಳಕು ಉಬ್ಬಿನಲ್ಲಿ ಬಾಗಿ ಒಳಗೆ ಹೋಗಿ ಐರಿಸ್ಸಿನ ಒಂದು ಬದಿಯನ್ನು ಬೆಳಗುತ್ತದೆ, ಇನ್ನೊಂದು ಬದಿ ಮಬ್ಬಾಗುತ್ತದೆ. ಕಣ್ಣಿಗೆ ಆಳ ಬರುವುದು ಇದರಿಂದ. ಬಿಳಿಗುಡ್ಡೆ ಬಿಳಿಯಾಗಿರುವುದೇ ಇಲ್ಲ. ಬಿಸಿಲಿನಲ್ಲಿ ಕಳೆ ಕಿತ್ತು ಬಾಳಿದ ದೊಡ್ಡವ್ವನ ಕಣ್ಣಲ್ಲಿ ಅದು ಹಳದಿಗೆ ತಿರುಗಿದೆ, ಮೂಲೆಗಳಲ್ಲಿ ಕೆಂಪು ನರಗಳಿವೆ. ವಯಸ್ಸಾದವರಲ್ಲಿ ಐರಿಸ್ಸಿನ ಸುತ್ತ ಕಾಣುವ ಬೂದುನೀಲಿ ಉಂಗುರವೂ ಅವಳಿಗಿದೆ. ಕೆಳರೆಪ್ಪೆಗೂ ಗುಡ್ಡೆಗೂ ನಡುವೆ ಕಣ್ಣೀರಿನ ತೆಳುವಾದ ಗೆರೆ ಸದಾ ಇರುತ್ತದೆ, ಅದನ್ನು ಬೇರೆಯದೇ ಆಕೃತಿಯಾಗಿ ಮಾಡಿ ಕೂಡಿಸಬೇಕು. ಕೂದಲೆಳೆಯಷ್ಟು ದಪ್ಪದ ಆ ನೀರಿನ ಪಟ್ಟಿಯನ್ನು ತೆಗೆದುಹಾಕಿದ ಕ್ಷಣ ಮುಖ ಒಣಗಿ ಮೇಣದ್ದಾಗುತ್ತದೆ.

ಈ ವಿದ್ಯೆಯ ಆರಂಭವೂ ಮನೆಯವರ ಮುಖದಿಂದಲೇ ಆದದ್ದೆಂಬುದು ನನಗೆ ಬಹಳ ಇಷ್ಟದ ಸಂಗತಿ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಫ್ರಾನ್ಸಿನ ಆನ್ರಿ ಗುರೋ 1971ರಲ್ಲಿ ತನ್ನ ಹೆಂಡತಿ ಸಿಲ್ವಿಯ ಮುಖದ ಮೇಲೆ ಗೆರೆಗಳನ್ನೆಳೆದು, ಫೋಟೊ ತೆಗೆದು, ಗೆರೆಗಳು ಕೂಡುವ ಬಿಂದುಗಳನ್ನು ಅಳೆದು ಕಂಪ್ಯೂಟರಿಗೆ ಕೊಟ್ಟ. ಚಪ್ಪಟೆ ತುಂಡುಗಳಿಂದಾದ ಮುಖವನ್ನು ನುಣುಪಾಗಿ ಕಾಣಿಸುವ ಲೆಕ್ಕವೊಂದನ್ನು ಅವನು ಕಂಡುಹಿಡಿದ. ಮರುವರ್ಷ ಅದೇ ವಿಶ್ವವಿದ್ಯಾಲಯದಲ್ಲಿ ಎಡ್ ಕ್ಯಾಟ್ಮಲ್ ತನ್ನ ಎಡಗೈಯ ಅಚ್ಚು ತೆಗೆದು, ಅದರ ಮೇಲೆ ಸುಮಾರು 350 ಬಹುಭುಜಗಳನ್ನು ಗುರುತು ಮಾಡಿ, ಕಂಪ್ಯೂಟರಿನಲ್ಲಿ ಕೈ ಮುಷ್ಟಿ ಕಟ್ಟಿ ಬಿಚ್ಚುವಂತೆ ಮಾಡಿದ. ಜೊತೆಯ ಫ್ರೆಡ್ ಪಾರ್ಕ್ ಮುಖವೊಂದಕ್ಕೆ ಚಲನೆ ಕೊಟ್ಟ. ಅದು 1972, ನಮ್ಮಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ತೆರೆಕಂಡು ವಿಷ್ಣುವರ್ಧನ್ ಎಂಬ ಹೊಸ ಮುಖ ಕನ್ನಡಿಗರ ಮನೆಮಾತಾದ ವರ್ಷ. ಈ ಎರಡು ದಾರಿಗಳು ಮುಂದೊಂದು ದಿನ ಕೂಡಿದವು, ಆ ಮಾತಿಗೆ ಆಮೇಲೆ ಬರುತ್ತೇನೆ.

ಗುರೋ ಮಾಡಿದ ಕೆಲಸವನ್ನೇ ನಾವು ಈಗಲೂ ಮಾಡುವುದು. ಗೆರೆ ಎಳೆಯುವ ಬದಲು ಕ್ಯಾಮೆರಾದಿಂದ ನೂರಾರು ಫೋಟೊ ತೆಗೆಯುತ್ತೇವೆ. ಒಂದೇ ಮಚ್ಚೆ ಬೇರೆಬೇರೆ ಫೋಟೊಗಳಲ್ಲಿ ಎಲ್ಲೆಲ್ಲಿ ಕಾಣಿಸಿತು ಎಂಬುದರಿಂದ ಅದು ಮೂರು ಆಯಾಮಗಳಲ್ಲಿ ಎಲ್ಲಿದೆ ಎಂದು ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಇದಕ್ಕೆ ಫೋಟೊಗ್ರಾಮೆಟ್ರಿ ಎನ್ನುತ್ತಾರೆ. ದೊಡ್ಡ ಸ್ಟುಡಿಯೋಗಳಲ್ಲಿ ಹತ್ತಾರು ಕ್ಯಾಮೆರಾಗಳು ಒಮ್ಮೆಗೇ ಕ್ಲಿಕ್ಕಾಗುವ ಕೊಠಡಿಗಳಿವೆ. ನನಗೆ ಒದಗಿದ್ದು ಊರ ಮನೆಯ ಪಡಸಾಲೆ ಮತ್ತು ಮೋಡ ಮುಚ್ಚಿದ ಮಧ್ಯಾಹ್ನ. ಮೋಡದ ಬೆಳಕಿನಲ್ಲಿ ಗಡುಸು ನೆರಳು ಬೀಳುವುದಿಲ್ಲ, ಅದೇ ಒಳ್ಳೆಯದು. ಫ್ಲ್ಯಾಶಿಗೂ ಲೆನ್ಸಿಗೂ ಪೋಲರೈಸರ್ ಹಾಕಿ ಒಂದನ್ನು ತಿರುಗಿಸಿಟ್ಟರೆ ಚರ್ಮದ ಮೇಲಿನ ಹೊಳಪು ಅಳಿಸಿಹೋಗಿ ಬರೀ ಬಣ್ಣ ಉಳಿಯುತ್ತದೆ. “ಹಿಂಗ ಕುಂದ್ರು ದೊಡ್ಡವ್ವ, ಅಳ್ಳಾಡಬ್ಯಾಡ” ಎಂದು ನಾನು ಸುತ್ತು ಹಾಕುತ್ತಿದ್ದರೆ ಅವಳು, “ಅಲ್ಲವ್ವಾ, ನನ್ನ ಮಾರಿ ತಗೊಂಡು ನೀ ಏನ್ ಮಾಡ್ತಿ?” ಎನ್ನುತ್ತಿದ್ದಳು.

ಹೀಗೆ ಬಂದ ಆಕೃತಿ ಲಕ್ಷಗಟ್ಟಲೆ ಚೂರುಗಳ ರಾಶಿ. ಮೂಗು, ಕೆನ್ನೆ ಚೆನ್ನಾಗಿ ಬಂದಿರುತ್ತವೆ. ಕಣ್ಣು ಕಲಸಿಹೋಗಿರುತ್ತದೆ, ಕೂದಲು ಮಣ್ಣಿನ ಹೆಂಟೆಯಾಗಿರುತ್ತದೆ, ಬಾಯಿಯೊಳಗೆ ಏನೂ ಇರುವುದಿಲ್ಲ. ಅದರ ಮೇಲೆ ನಾಲ್ಕು ಮೂಲೆಯ ತುಂಡುಗಳ ಅಚ್ಚುಕಟ್ಟಾದ ಜಾಲರಿಯನ್ನು ಮಾಡೆಲರ್ ಹೊಸದಾಗಿ ಹೊದಿಸಬೇಕು. ನಾವು ಮೆಶ್ ಎನ್ನುವುದು ಇದನ್ನೇ. ಜಾಲರಿಯ ಸಾಲುಗಳು ಕಣ್ಣಿನ ಸುತ್ತ, ಬಾಯಿಯ ಸುತ್ತ ಬಳೆಬಳೆಯಾಗಿ ಹೋಗಬೇಕು, ಯಾಕೆಂದರೆ ಅಲ್ಲಿನ ಸ್ನಾಯುಗಳು ಇರುವುದೇ ಹಾಗೆ. ಸಾಲು ತಪ್ಪಿದ ಜಾಲರಿ ನಿಂತ ಮುಖದಲ್ಲಿ ಗುಟ್ಟು ಬಿಡುವುದಿಲ್ಲ, ನಗಿಸಿದರೆ ಕೆನ್ನೆ ಮುರಿದಂತಾಗುತ್ತದೆ. ದೊಡ್ಡ ತುಂಡುಗಳನ್ನು ಒಡೆದು ನುಣುಪು ಮಾಡುವ ವಿಧಾನವನ್ನು 1978ರಲ್ಲಿ ಕೊಟ್ಟವರು ಅದೇ ಕ್ಯಾಟ್ಮಲ್ ಮತ್ತು ಜಿಮ್ ಕ್ಲಾರ್ಕ್. ನಾನು ದಿನವೂ ಬಳಸುವ ಮಾಯಾ, ಬ್ಲೆಂಡರ್ ಎಂಬ ಸಾಫ್ಟ್‌ವೇರ್‌ಗಳೆರಡರಲ್ಲೂ ಅದಿದೆ. ಸುಕ್ಕು, ರಂಧ್ರಗಳನ್ನು ಕೆತ್ತಲು ಜೀಬ್ರಶ್. ಸುಕ್ಕಿಗೂ ಒಂದು ನಿಯಮವಿದೆ: ಸ್ನಾಯುವಿನ ಎಳೆ ಹರಿಯುವ ದಿಕ್ಕಿಗೆ ಅದು ಅಡ್ಡವಾಗಿ ಬೀಳುತ್ತದೆ. ಹಣೆಯ ಸ್ನಾಯು ಮೇಲಕ್ಕೆಳೆಯುತ್ತದೆ, ಗೆರೆಗಳು ಅಡ್ಡ. ಇದು ಗೊತ್ತಿಲ್ಲದೆ ಕೆತ್ತಿದ ಸುಕ್ಕು ಎಷ್ಟು ನಾಜೂಕಾಗಿದ್ದರೂ ಗೀಚಿದಂತೆಯೇ ಕಾಣುವುದು.

ಇಷ್ಟೆಲ್ಲ ಮಾಡಿದ ಮೇಲೂ ಮುಖ ನೋಡಿ ಜನ ಹಿಂಜರಿಯುವುದುಂಟು. ಜಪಾನಿನ ರೊಬಾಟ್ ವಿಜ್ಞಾನಿ ಮಸಾಹಿರೊ ಮೋರಿ 1970ರಲ್ಲೇ ಇದನ್ನು ಬರೆದಿದ್ದರು. ಬೊಂಬೆ ಮನುಷ್ಯನನ್ನು ಹೋಲುತ್ತಾ ಹೋದಂತೆ ನಮಗೆ ಅದರ ಮೇಲೆ ಅಕ್ಕರೆ ಹೆಚ್ಚುತ್ತದೆ. ಪೂರ್ತಿ ಹೋಲುವುದಕ್ಕೆ ತುಸು ಮುಂಚೆ ಆ ಅಕ್ಕರೆ ಥಟ್ಟನೆ ಅಂಜಿಕೆಗೆ ತಿರುಗುತ್ತದೆ. ಅನ್‌ಕ್ಯಾನಿ ವ್ಯಾಲಿ ಎಂದು ಈ ಕ್ಷೇತ್ರದವರೆಲ್ಲ ಹೇಳುವ ಕಣಿವೆ ಇದು. 2001ರ ‘ಫೈನಲ್ ಫ್ಯಾಂಟಸಿ’ ಸಿನಿಮಾದ ನಾಯಕಿ ಆಕಿಯ ತಲೆಗೆ ಸುಮಾರು 60 ಸಾವಿರ ಕೂದಲು ನೆಟ್ಟಿದ್ದರು. ಒಂದೊಂದು ಎಳೆಯೂ ತೂಗುತ್ತಿತ್ತು. ಆದರೂ ಪ್ರೇಕ್ಷಕರು ಅವಳನ್ನು ತಮ್ಮವಳೆಂದುಕೊಳ್ಳಲಿಲ್ಲ, ಸಿನಿಮಾ ಸೋತಿತು. ನನ್ನ ಮಟ್ಟಿಗೆ ಅವಳ ಕೊರತೆ ಇದ್ದದ್ದು ಚರ್ಮದಲ್ಲಿ.

ಚರ್ಮದ ಬಗ್ಗೆ ನಾನು ಹೆಚ್ಚು ಹೇಳಬೇಕು. ಕತ್ತಲಲ್ಲಿ ಮೊಬೈಲ್ ಟಾರ್ಚಿನ ಮೇಲೆ ಬೆರಳಿಟ್ಟು ನೋಡಿ, ಬೆರಳಿನ ಅಂಚು ಕೆಂಪಾಗಿ ಬೆಳಗುತ್ತದೆ. ಬೆಳಕು ಚರ್ಮದೊಳಗೆ ಹೊಕ್ಕು, ಒಳಗೇ ಚದುರಿ, ಬೇರೊಂದು ಕಡೆಯಿಂದ ಹೊರಬರುತ್ತದೆ. ಕೆಂಪು ಬೆಳಕು ಉಳಿದ ಬಣ್ಣಗಳಿಗಿಂತ ದೂರ ಸಾಗುತ್ತದೆ. ಹಳೆಯ ಡಿಜಿಟಲ್ ಮುಖಗಳಲ್ಲಿ ಬೆಳಕು ಮೇಲ್ಮೈಗೆ ಬಡಿದು ಹಾಗೇ ಮರಳುತ್ತಿತ್ತು, ಅದಕ್ಕೇ ಅವು ಪ್ಲಾಸ್ಟಿಕ್ಕಿನಂತಿದ್ದವು. 2001ರಲ್ಲಿ ಹೆನ್ರಿಕ್ ವಾನ್ ಜೆನ್ಸನ್ ಮತ್ತು ಸಂಗಡಿಗರು ಈ ಒಳಚದುರುವಿಕೆಯನ್ನು ಬೇಗ ಲೆಕ್ಕ ಹಾಕುವ ದಾರಿ ತೋರಿಸಿದರು. ಮರುವರ್ಷವೇ ‘ಲಾರ್ಡ್ ಆಫ್ ದಿ ರಿಂಗ್ಸ್’ನ ಎರಡನೆಯ ಭಾಗದಲ್ಲಿ ಗೋಲಮ್ ಬಂದ. ಆಂಡಿ ಸರ್ಕಿಸ್ ಅವರ ನಟನೆ, ನ್ಯೂಜಿಲೆಂಡಿನ ವೇಟಾ ಸ್ಟುಡಿಯೋದ ಕೈಚಳಕ, ಜೊತೆಗೆ ಬೆಳಕು ಒಳಗಿಳಿಯುವ ಚರ್ಮ. ಜನ ಅವನಿಗಾಗಿ ಮರುಗಿದರು.

ಆದರೆ ನಮ್ಮ ಮೈಬಣ್ಣಕ್ಕೆ ಇಷ್ಟು ಸಾಲುವುದಿಲ್ಲ. ಯೇಲ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಗ್ರಾಫಿಕ್ಸ್ ಪ್ರಾಧ್ಯಾಪಕ ಥಿಯೊಡೋರ್ ಕಿಮ್ 2020ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಒಂದು ಮುಖ್ಯವಾದ ಮಾತು ಎತ್ತಿದರು: ಬೆಳಕು ಒಳಗಿಂದ ತೂರಿಬರುವ ಗುಣ ಎದ್ದು ಕಾಣುವುದು ಬಿಳಿಯರ ಎಳೆಯ ಚರ್ಮದಲ್ಲಿ, ಅದನ್ನೇ ನಮ್ಮ ಕ್ಷೇತ್ರ ಮನುಷ್ಯ ಚರ್ಮದ ಲಕ್ಷಣ ಎಂದು ಹಿಡಿದುಕೊಂಡಿತು. ನನ್ನ ಅನುಭವವೂ ಅದೇ. ಎಣ್ಣೆಗಪ್ಪು ಚರ್ಮದಲ್ಲಿ ಮೆಲನಿನ್ ಹೆಚ್ಚು, ಒಳಹೊಕ್ಕ ಬೆಳಕನ್ನು ಅದು ಬಹಳಷ್ಟು ಹೀರಿಕೊಳ್ಳುತ್ತದೆ. ಮೇಲ್ಮೈಯಿಂದಲೇ ಮರಳುವ ಬೆಳಕು ಮಾತ್ರ ಎಲ್ಲರಲ್ಲೂ ಒಂದೇ, ನೇರಕ್ಕೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಮೂರರಷ್ಟು. ಹಿನ್ನೆಲೆ ಕಪ್ಪಾದಾಗ ಆ ಮೂರು ಪಾಲು ಎದ್ದು ಹೊಳೆಯುತ್ತದೆ. ದೊಡ್ಡವ್ವನ ಕೆನ್ನೆಯೆಲುಬಿನ ಮೇಲೆ, ಮೂಗಿನ ಏಣಿನ ಮೇಲೆ, ಹಣೆಯ ಬೆವರಿನಲ್ಲಿ ಇರುವ ಚೆಲುವೆಲ್ಲ ಆ ಹೊಳಪು. ಸಿದ್ಧ ಅಳತೆಗಳನ್ನೇ ನಂಬಿ ಬರೀ ಬಣ್ಣ ಗಾಢ ಮಾಡಿದರೆ ಮುಖ ಬೂದಿ ಬಳಿದಂತಾಗುತ್ತದೆ. ಹೊಸಬರು ನನ್ನ ಬಳಿ ಕೆಲಸ ತಂದಾಗ ಮೊದಲು ಹೇಳುವುದು ಇದನ್ನೇ: ಬಣ್ಣದ ಗೊಡವೆ ಬಿಡಿ, ಹೊಳಪಿನ ನಕ್ಷೆ ತೋರಿಸಿ.

ಬಣ್ಣವೂ ಒಂದೇ ಆಗಿರುವುದಿಲ್ಲ. ಕುಪ್ಪಸದ ತೋಳು ಮುಗಿಯುವಲ್ಲಿ ಬಿಸಿಲಿನ ಗೆರೆಯಿದೆ, ಅದರ ಮೇಲಿನ ಚರ್ಮ ಬೇರೆಯವರದೆನಿಸುವಷ್ಟು ತಿಳಿ. ಬೆರಳ ಗಿಣ್ಣು, ಮೊಳಕೈ ಕಪ್ಪು, ಅಂಗೈ ನಸುಗೆಂಪು. ವರ್ಷಗಟ್ಟಲೆ ಕುಂಕುಮ ಇಟ್ಟ ಜಾಗದಲ್ಲಿ ಹಣೆಯ ಬಣ್ಣ ಬದಲಾಗಿದೆ. ಭಾರದ ಬೆಂಡೋಲೆ ತೂಗಿ ಕಿವಿಯ ತೂತು ಸೀಳಿನಂತೆ ಉದ್ದವಾಗಿದೆ. ಇನ್ನು ಮುಂಗೈ ಮೇಲಿನ ಹಚ್ಚೆ. ಅದಕ್ಕೆ ಹಸಿರುನೀಲಿ ಬಣ್ಣ ತೆಗೆದು ಚರ್ಮದ ಮೇಲೆ ಬಳಿದರೆ ಸ್ಟಿಕರ್ ಅಂಟಿಸಿದ ಹಾಗೆ ಕಾಣುತ್ತದೆ. ಹಚ್ಚೆಯ ಮಸಿ ವಾಸ್ತವದಲ್ಲಿ ಕಪ್ಪು. ಅದು ಒಳಚರ್ಮದಲ್ಲಿ ಇಳಿದು ಕೂತಿರುತ್ತದೆ, ಮೇಲಿನ ಪದರದಲ್ಲಿ ಬೆಳಕು ಚದುರುವುದರಿಂದ ನಮಗೆ ನೀಲಿಯಾಗಿ ಕಾಣುತ್ತದೆ. ಆದ್ದರಿಂದ ಮಸಿಯನ್ನು ಕೆಳಪದರಕ್ಕೆ ಸೇರಿಸಿ, ಅಂಚುಗಳನ್ನು ಮಬ್ಬು ಮಾಡಿ, ಮೇಲೆ ಚರ್ಮ ಹೊದಿಸಬೇಕು. ಆಗ ಹೊಳಪು ಹಚ್ಚೆಯ ಮೇಲಿಂದ ತಡೆಯಿಲ್ಲದೆ ಜಾರುತ್ತದೆ. ಈ ಕೆಲಸದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಆ ಒಂದಂಗುಲದ ತುಳಸಿಕಟ್ಟೆಯ ಹಚ್ಚೆ.

ಕೂದಲು ಮತ್ತು ಬಟ್ಟೆಯ ಮಾತು ಚುಟುಕಾಗಿ. ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ಎಲ್ಲವನ್ನೂ ಕೈಯಿಂದ ನೆಡುವುದಿಲ್ಲ, ದಾರಿ ತೋರುವ ಕೆಲವು ನೂರು ಎಳೆಗಳನ್ನು ಬಾಚಿಟ್ಟರೆ ಉಳಿದವನ್ನು ಸಾಫ್ಟ್‌ವೇರ್ ತುಂಬುತ್ತದೆ. ಎಣ್ಣೆ ಹಚ್ಚಿದ ಕೂದಲು ಜೊಂಪೆಜೊಂಪೆಯಾಗಿ ಅಂಟುತ್ತದೆ ಎಂಬುದನ್ನು ನಾವೇ ಹೇಳಿಕೊಡಬೇಕು. ಬಟ್ಟೆಗೆ ಬಳಸುವ ಮಾರ್ವೆಲಸ್ ಡಿಸೈನರ್ ಎಂಬ ಕೊರಿಯಾದ ಸಾಫ್ಟ್‌ವೇರ್ ದರ್ಜಿಯ ರೀತಿಯಲ್ಲಿ ಯೋಚಿಸುತ್ತದೆ: ತುಂಡು ಕತ್ತರಿಸು, ಹೊಲಿ, ತೊಡಿಸು. ಒಂಬತ್ತು ಗಜದ ಇಳಕಲ್ ಸೀರೆಗೆ ಹೊಲಿಗೆಯೇ ಇಲ್ಲ. ಉದ್ದನೆಯ ಆಯತವೊಂದನ್ನು ಸುತ್ತಿ, ನಿರಿಗೆ ಹಿಡಿದು, ಸಿಕ್ಕಿಸಿ, ಸೆರಗು ತಲೆಗೆ ಹೊದಿಸುವ ತನಕ ಒಂದೊಂದು ಹೆಜ್ಜೆಯನ್ನೂ ಅನುಕರಿಸಬೇಕು. ಹತ್ತಿಯ ಒಡಲಿಗೂ ಕೆಂಪು ರೇಷ್ಮೆಯ ಸೆರಗಿಗೂ ತೂಕ ಬೇರೆ, ಕೊಂಡಿ ಹಾಕಿ ಸೇರಿಸಿದ ಜಾಗದಲ್ಲಿ ಬಟ್ಟೆ ಬಾಗುವ ರೀತಿಯೂ ಬೇರೆ.

ಮುಖಕ್ಕೆ ಚಲನೆ ಕೊಡುವುದು ಬೇರೆಯದೇ ವಿದ್ಯೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪಾಲ್ ಎಕ್‌ಮನ್ ಮತ್ತು ವ್ಯಾಲೆಸ್ ಫ್ರೀಸನ್ 1978ರಲ್ಲಿ ಮುಖದ ಒಂದೊಂದು ಸ್ನಾಯುಚಲನೆಗೂ ಸಂಖ್ಯೆ ಕೊಟ್ಟು ಪಟ್ಟಿ ಮಾಡಿದರು. ತುಟಿಯಂಚು ಮೇಲೇರುವುದು 12, ಕೆನ್ನೆ ಮೇಲೇರಿ ಕಣ್ಣು ಕಿರಿದಾಗುವುದು 6. ಬರೀ 12 ಇದ್ದರೆ ಫೋಟೊಗೆ ನಕ್ಕಂತೆ, 6 ಸೇರಿದರೆ ಮನಸಾರೆ ನಕ್ಕಂತೆ. ನಾವು ಈ ಪಟ್ಟಿಯಂತೆ ಮುಖದ ಹತ್ತಾರು ರೂಪಗಳನ್ನು ಕೆತ್ತಿಟ್ಟು, ಆನಿಮೇಟರ್ ಬೇಕಾದಂತೆ ಬೆರೆಸಿಕೊಳ್ಳಲು ಕೊಡುತ್ತೇವೆ.

ಮಾತಿಗೆ ಬಂದಾಗ ನಮ್ಮ ಭಾಷೆ ಬೇರೆ ಬೇಡಿಕೆ ಇಡುತ್ತದೆ. ತುಟಿಚಲನೆಯ ಸಿದ್ಧ ಪಟ್ಟಿಗಳೆಲ್ಲ ಇಂಗ್ಲಿಷ್ ಉಚ್ಚಾರಣೆಗೆ ಹೊಂದಿಕೊಂಡವು. ಕೆಳತುಟಿಯನ್ನು ಹಲ್ಲು ಕಚ್ಚುವ ರೂಪಕ್ಕೆ ಅಲ್ಲಿ ದೊಡ್ಡ ಜಾಗವಿದೆ. ಕನ್ನಡದ ಟ, ಡ, ಣ, ಳ ಹುಟ್ಟುವುದು ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳನ್ನು ಮುಟ್ಟಿದಾಗ. ಬಾಯಿ ಅಗಲವಾಗಿ ತೆರೆದಿದ್ದರೆ ನಾಲಿಗೆಯ ತಳಭಾಗ ಕಾಣಿಸುತ್ತದೆ. ಹಾಗಾಗಿ ನಾನು ದೊಡ್ಡವ್ವನ ನಾಲಿಗೆಯನ್ನು ತಳದಿಂದಲೂ ಮಾಡಿದ್ದೇನೆ, ಎಲೆಅಡಿಕೆಯ ಕೆಂಪಿನ ಸಮೇತ.

ಈಗ ವಿಷ್ಣುವರ್ಧನ್ ವಿಷಯಕ್ಕೆ ಬರುತ್ತೇನೆ. 2009ರ ಡಿಸೆಂಬರ್ 30ರಂದು ತೀರಿಕೊಂಡ ಅವರು 2016ರಲ್ಲಿ ಕೋಡಿ ರಾಮಕೃಷ್ಣ ನಿರ್ದೇಶನದ ಇನ್ನೊಂದು ‘ನಾಗರಹಾವು’ ಚಿತ್ರದಲ್ಲಿ ಮತ್ತೆ ತೆರೆಗೆ ಬಂದರು. ಹೈದರಾಬಾದಿನ ಮಕುಟ ಸಂಸ್ಥೆ ಅವರ ಮುಖವನ್ನು ಕಂಪ್ಯೂಟರಿನಲ್ಲಿ ರೂಪಿಸಿತ್ತು. ಅಭಿಮಾನಿಗಳಿಗೆ ಅದು ಭಾವುಕ ಗಳಿಗೆ. ನನ್ನಂಥವರಿಗೆ ಅದರ ಹಿಂದಿನ ಕಷ್ಟವೂ ಕಾಣುತ್ತದೆ. 2008ರ ‘ಬೆಂಜಮಿನ್ ಬಟನ್’ ಚಿತ್ರದಲ್ಲಿ ಸುಮಾರು 52 ನಿಮಿಷ ಬ್ರಾಡ್ ಪಿಟ್ ಅವರ ತಲೆ ಪೂರ್ತಿ ಡಿಜಿಟಲ್. ಅದನ್ನು ಮಾಡಿದವರ ಎದುರು ಬ್ರಾಡ್ ಪಿಟ್ ಕೂತು ಒಂದೊಂದೇ ಮುಖಭಾವ ಕೊಟ್ಟಿದ್ದರು. ತೀರಿಕೊಂಡ ನಟನಿಗೆ ಸ್ಕ್ಯಾನ್ ಎಲ್ಲಿಂದ ತರುವುದು? ಉಳಿದಿರುವುದು ಹಳೆಯ ಸಿನಿಮಾಗಳು. ಒಂದೊಂದರಲ್ಲೂ ವಯಸ್ಸು ಬೇರೆ, ಲೆನ್ಸ್ ಬೇರೆ, ಮೇಕಪ್ ಬೇರೆ. ಕೋಟ್ಯಂತರ ಜನ ಬಾಯಿಪಾಠ ಮಾಡಿಕೊಂಡ ಮುಖವನ್ನು ಆ ಚೂರುಗಳಿಂದ ಜೋಡಿಸುವುದು ನಮ್ಮ ವೃತ್ತಿಯಲ್ಲೇ ಅತಿ ಕಠಿಣ ಕೆಲಸ. ಆ ಕಲಾವಿದರ ಧೈರ್ಯಕ್ಕೆ ನನ್ನ ಗೌರವವಿದೆ.

ಈಗ ಎಪಿಕ್ ಗೇಮ್ಸ್ ಕಂಪನಿಯ ಮೆಟಾಹ್ಯೂಮನ್ ಬಂದಿದೆ. 2021ರಿಂದ ಬಳಕೆಗೆ ಸಿಕ್ಕ ಅದರಲ್ಲಿ ಕೆಲವೇ ನಿಮಿಷಗಳಲ್ಲಿ ಕಣ್ಣು, ಹಲ್ಲು, ಕೂದಲು ಸಮೇತ ಒಂದು ಮುಖ ಸಿದ್ಧ. ಸ್ಕ್ಯಾನ್ ಮಾಡಿದ ಎಷ್ಟೋ ಜನರ ಮುಖಗಳನ್ನು ಬೆರೆಸಿ ಅದು ಹೊಸ ಮುಖ ಕೊಡುತ್ತದೆ. ನಾನೂ ಬಳಸುತ್ತೇನೆ, ಜನಜಂಗುಳಿಯ ದೃಶ್ಯಗಳಿಗೆ ಅದು ವರ. ಆದರೆ ಸ್ಕ್ಯಾನಿನ ಕ್ಯಾಮೆರಾ ಮುಂದೆ ಯಾವತ್ತೂ ಕೂರದವರ ಮುಖ ಅಂಥ ಬೆರಕೆಯಿಂದ ಬರುವುದು ಹೇಗೆ? ಹಿಗ್ಗಿದ ಕಿವಿಯ ತೂತು, ಕುಂಕುಮದ ಗುರುತು, ಬಿಸಿಲು ಸುಟ್ಟ ಕೆನ್ನೆ ಯಾವ ಗುಂಡಿ ತಿರುಗಿಸಿದರೂ ಬರುವುದಿಲ್ಲ. ನಮ್ಮ ಸಂತೆ, ಹೊಲ, ಬಸ್‌ಸ್ಟ್ಯಾಂಡಿನ ಮುಖಗಳನ್ನು ಈ ಮಾಧ್ಯಮಕ್ಕೆ ತರಬೇಕಾದವರು ನಾವೇ, ಇದನ್ನು ನಾನು ಎಲ್ಲಿ ಬೇಕಾದರೂ ಒತ್ತಿ ಹೇಳುತ್ತೇನೆ. ಸಲಕರಣೆಗೆ ಕಾಸು ಬೇಕೆಂಬ ಅಡ್ಡಿಯೂ ಈಗಿಲ್ಲ. ನೆದರ್ಲೆಂಡ್ಸಿನ ಟಾನ್ ರೋಸೆಂಡಾಲ್ 2002ರಲ್ಲಿ ಜನರಿಂದ ಒಂದು ಲಕ್ಷ ಯೂರೊ ಕೂಡಿಸಿ ಬ್ಲೆಂಡರನ್ನು ಎಲ್ಲರಿಗೂ ಮುಕ್ತವಾಗಿಸಿದರು. ಗದಗದ ಹುಡುಗಿಯೊಬ್ಬಳು ಇವತ್ತೇ ಇಳಿಸಿಕೊಂಡು ತನ್ನ ಅಜ್ಜನ ಮೂಗು ಕೆತ್ತಲು ಕೂರಬಹುದು.

ಕೂರುವ ಮುಂಚೆ ಅಜ್ಜನನ್ನು ಕೇಳಬೇಕು. 2023ರಲ್ಲಿ ಹಾಲಿವುಡ್ ನಟರು 118 ದಿನ ಮುಷ್ಕರ ಹೂಡಿದಾಗ ತಮ್ಮ ಡಿಜಿಟಲ್ ಪ್ರತಿರೂಪವನ್ನು ಒಪ್ಪಿಗೆಯಿಲ್ಲದೆ ಬಳಸಬಾರದು ಎಂಬುದು ದೊಡ್ಡ ಬೇಡಿಕೆಗಳಲ್ಲಿ ಒಂದಾಗಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟು ನಟ ಅನಿಲ್ ಕಪೂರ್ ಅವರ ಮುಖ, ಧ್ವನಿಗಳನ್ನು ಅನುಮತಿಯಿಲ್ಲದೆ ಬಳಸುವುದಕ್ಕೆ ತಡೆ ಕೊಟ್ಟಿತು. ನಟರಿಗೆ ವಕೀಲರಿದ್ದಾರೆ. ದೊಡ್ಡವ್ವನಂಥವರ ಮುಖಕ್ಕೆ ಕಾವಲು ಅದನ್ನು ಮಾಡುವವರ ಮರ್ಯಾದೆಯೊಂದೇ. ಅವಳ ಸ್ಕ್ಯಾನ್ ಸ್ಟುಡಿಯೋದ ಕಂಪ್ಯೂಟರಿಗೆ ಹೋಗಿಲ್ಲ, ಮಾದರಿಗಳನ್ನು ಮಾರುವ ತಾಣಗಳಿಗೂ ಹೋಗುವುದಿಲ್ಲ. ಇದೆಲ್ಲ ಎಲ್ಲೆಲ್ಲಿ ಬಳಕೆಯಾಗಬಹುದು ಎಂದು ನಾನು ಬಿಡಿಸಿ ಹೇಳಿದಾಗ ಅವಳು ಪೂರ್ತಿ ಕೇಳಿಸಿಕೊಂಡು ಒಂದೇ ಕರಾರು ಹಾಕಿದಳು: “ಮಾಡು, ಬ್ಯಾಡ ಅನ್ನಂಗಿಲ್ಲ. ಆದ್ರ ನಾ ಆಡದ ಮಾತು ಅದರ ಬಾಯಾಗ ಇಡಬ್ಯಾಡ.”

ಆದ್ದರಿಂದ ತುಟಿ, ನಾಲಿಗೆಯ ಪರೀಕ್ಷೆಗೆ ನಾನು ಬಳಸುವುದು ಅವಳೇ ಹೇಳಿ ನಾನು ರೆಕಾರ್ಡ್ ಮಾಡಿಕೊಂಡ ಮಾತುಗಳನ್ನು ಮಾತ್ರ. ಜೋಳದ ಹಿಟ್ಟಿಗೆ ಎಸರು ಹಾಕಿ ನಾದಿ ರೊಟ್ಟಿ ಬಡಿಯುವ ಬಗೆಯನ್ನು ಅವಳು ಅದರಲ್ಲಿ ವಿವರಿಸುತ್ತಾಳೆ. ಹಿಂದಕ್ಕೆ ಮಡಚುವ ನಾಲಿಗೆಗೆ ಬೇಕಾದ ಟಕಾರ, ಡಕಾರ, ಳಕಾರಗಳೆಲ್ಲ ಆ ಮಾತಿನಲ್ಲೇ ಸಿಗುತ್ತವೆ.